ಥಂಡರ್‌ಬರ್ಡ್ ಪದೇ ಪದೇ ಮುಚ್ಚಿಕೊಳ್ಳುತ್ತಿದೆಯೇ? ಮೊದಲು ಪತ್ರ ಉಳಿಸಿ, ನಂತರ ಕಾರಣ ಹುಡುಕಿ

ದಾಂಡೇಲಿ: ಕಾಗದದ ಕಾರ್ಖಾನೆಯಿಂದ ಹೆಸರಾದ ಊರು ದಾಂಡೇಲಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇಂದಿಗೂ ಇಲ್ಲಿ ಕಾಗದ ತಯಾರಿಸುತ್ತಿದೆ. ಆದರೆ ಈ ಊರಿನಲ್ಲೂ, ನೆರೆಯ ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳಲ್ಲೂ ವ್ಯವಹಾರದ ಪತ್ರಗಳು ಬಹುಮಟ್ಟಿಗೆ ಕಾಗದವನ್ನು ಬಿಟ್ಟು ಗಣಕಯಂತ್ರವನ್ನು ಸೇರಿವೆ. ಆ ಪತ್ರಗಳನ್ನು ಕಾಯುವ ತಂತ್ರಾಂಶ ಒಂದು ಬೆಳಿಗ್ಗೆ ತೆರೆದ ಕೂಡಲೇ ಮುಚ್ಚಿಕೊಂಡರೆ ಏನು ಮಾಡಬೇಕು?

ಮಹಾನಗರದ ಬಳಕೆದಾರರಿಗೆ ಇ-ಮೇಲ್ ಎಂದರೆ ಬ್ರೌಸರಿನ ಒಂದು ಪುಟ. ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ, ಅದರಲ್ಲೂ ಜೋಯಿಡಾದ ಕಾಡಿನೊಳಗಿನ ಹಳ್ಳಿಗಳಲ್ಲಿ, ಸ್ಥಿತಿ ಬೇರೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಹಂಚಿಹೋಗಿರುವ ಊರುಗಳಿಗೆ ಮೊಬೈಲ್ ಸಂಕೇತ ಸರಿಯಾಗಿ ತಲುಪುವುದಿಲ್ಲ. ಮಳೆಗಾಲದಲ್ಲಿ ಮರ ಉರುಳಿ ವಿದ್ಯುತ್ ತಂತಿ ಹರಿಯುವುದು ಮಾಮೂಲು. ರಾಜ್ಯಕ್ಕೆ ಜಲವಿದ್ಯುತ್ ನೀಡುವ ಸೂಪಾ ಅಣೆಕಟ್ಟು ಇದೇ ತಾಲ್ಲೂಕಿನಲ್ಲಿದ್ದರೂ ಇಲ್ಲಿನ ಮನೆಗಳಲ್ಲಿ ದೀಪ ಆರುವುದು ತಪ್ಪಿಲ್ಲ. ಸಂಪರ್ಕ ಸಿಕ್ಕಾಗ ಪತ್ರಗಳನ್ನು ಇಳಿಸಿಕೊಂಡು, ಇಲ್ಲದಾಗ ಓದಿ ಉತ್ತರ ಬರೆದಿಡಲು ಅನುವು ಮಾಡಿಕೊಡುವ ಮೇಜಿನ ಗಣಕದ ಇ-ಮೇಲ್ ತಂತ್ರಾಂಶಕ್ಕೆ ಇಂಥ ಕಡೆ ಇನ್ನೂ ಅರ್ಥವಿದೆ.

ಈ ಬಗೆಯ ಮುಕ್ತ ತಂತ್ರಾಂಶಗಳಲ್ಲಿ ಹೆಚ್ಚು ಪರಿಚಿತವಾದುದು ಮೊಝಿಲ್ಲಾ ಥಂಡರ್‌ಬರ್ಡ್. ಅದರ 1.0 ಆವೃತ್ತಿ ಬಿಡುಗಡೆಯಾದದ್ದು 2004ರ ಡಿಸೆಂಬರ್‌ನಲ್ಲಿ. 2020ರಿಂದ ಮೊಝಿಲ್ಲಾ ಪ್ರತಿಷ್ಠಾನದ ಅಂಗಸಂಸ್ಥೆಯಾದ ಎಂಝಡ್‌ಎಲ್‌ಎ ಟೆಕ್ನಾಲಜೀಸ್ ಇದನ್ನು ನಿರ್ವಹಿಸುತ್ತಿದೆ. ಖರ್ಚನ್ನು ಮುಖ್ಯವಾಗಿ ಬಳಕೆದಾರರ ದೇಣಿಗೆಯಿಂದ ಭರಿಸಲಾಗುತ್ತದೆ. ಇಂಥ ತಂತ್ರಾಂಶ ಕೈಕೊಟ್ಟಾಗ ಕಾರಣವನ್ನು ಪತ್ತೆಹಚ್ಚುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಒಂದು ಉದಾಹರಣೆ

ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಆಸುಪಾಸಿನಲ್ಲಿ ಹೋಂ ಸ್ಟೇ ನಡೆಸುವ ಒಬ್ಬರನ್ನು ಊಹಿಸಿಕೊಳ್ಳೋಣ. ಎಂಟು ವರ್ಷಗಳ ಕಾಯ್ದಿರಿಸುವಿಕೆ, ಮುಂಗಡ ಹಣದ ವಿವರ, ಪ್ರವಾಸಿಗರ ವಿಳಾಸ ಎಲ್ಲವೂ ಅವರ ಥಂಡರ್‌ಬರ್ಡ್‌ನಲ್ಲಿವೆ. ಜುಲೈ ತಿಂಗಳ ಒಂದು ಸಂಜೆ ಪತ್ರಗಳು ಇಳಿಯುತ್ತಿದ್ದಾಗಲೇ ವಿದ್ಯುತ್ ಹೋಗುತ್ತದೆ. ಗಣಕಕ್ಕೆ ಯುಪಿಎಸ್ ಇಲ್ಲ. ಮರುದಿನ ತಂತ್ರಾಂಶ ತೆರೆಯುತ್ತದೆ. ಇನ್‌ಬಾಕ್ಸ್ ಮೇಲೆ ಕ್ಲಿಕ್ಕಿಸಿದ ಕ್ಷಣವೇ ಮಾಯವಾಗುತ್ತದೆ.

ಪೇಟೆಯಲ್ಲಿ ಇದಕ್ಕೆ ಸಿಗುವ ಸಾಮಾನ್ಯ ಸಲಹೆ, 'ತೆಗೆದುಹಾಕಿ ಮತ್ತೆ ಹಾಕಿ' ಅಥವಾ 'ಫಾರ್ಮ್ಯಾಟ್ ಮಾಡಿ' ಎಂಬುದು. ಮೊದಲನೆಯದರಿಂದ ಪ್ರಯೋಜನ ಕಡಿಮೆ. ಎರಡನೆಯದು ಎಂಟು ವರ್ಷದ ಪತ್ರಗಳನ್ನು ಅಳಿಸಿಹಾಕುತ್ತದೆ. ಹಾಗೇಕೆ ಎಂಬುದು ತಿಳಿಯಬೇಕಾದರೆ ಪತ್ರಗಳು ಎಲ್ಲಿರುತ್ತವೆ ಎಂಬುದನ್ನು ಮೊದಲು ತಿಳಿಯಬೇಕು.

ತಂತ್ರಾಂಶ ಬೇರೆ, ಪ್ರೊಫೈಲ್ ಬೇರೆ

ಥಂಡರ್‌ಬರ್ಡ್ ತಂತ್ರಾಂಶ ಒಂದು ಕಡೆ ಸ್ಥಾಪನೆಯಾಗುತ್ತದೆ. ಬಳಕೆದಾರರ ಪತ್ರಗಳು, ವಿಳಾಸ ಪುಸ್ತಕ, ಗುಪ್ತಪದ, ಆಯ್ಕೆಗಳು ಮತ್ತೊಂದು ಕಡೆ 'ಪ್ರೊಫೈಲ್' ಎಂಬ ಕಡತಕೋಶದಲ್ಲಿ ಕೂರುತ್ತವೆ. ತಂತ್ರಾಂಶವನ್ನು ತೆಗೆದು ಮತ್ತೆ ಸ್ಥಾಪಿಸಿದರೂ ಅದು ಅದೇ ಹಳೆಯ ಪ್ರೊಫೈಲನ್ನೇ ತೆರೆಯುತ್ತದೆ. ದೋಷ ಪ್ರೊಫೈಲ್‌ನಲ್ಲಿದ್ದರೆ ಮರುಸ್ಥಾಪನೆಯಿಂದ ಏನೂ ಬದಲಾಗದು.

ವಿಂಡೋಸ್‌ನಲ್ಲಿ ಪ್ರೊಫೈಲ್ ಇರುವುದು ಬಳಕೆದಾರರ ಹೆಸರಿನ ಕಡತಕೋಶದಲ್ಲಿ ಅಡಗಿರುವ 'ಆ್ಯಪ್‌ಡೇಟಾ', ಅದರೊಳಗಿನ 'ರೋಮಿಂಗ್', ಅದರೊಳಗಿನ 'ಥಂಡರ್‌ಬರ್ಡ್', ಅದರೊಳಗಿನ 'ಪ್ರೊಫೈಲ್ಸ್' ಎಂಬಲ್ಲಿ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಹೋಂ ಕಡತಕೋಶದೊಳಗೆ, ಚುಕ್ಕೆಯಿಂದ ಆರಂಭವಾಗುವ ಥಂಡರ್‌ಬರ್ಡ್ ಹೆಸರಿನ ಅಡಗಿದ ಕೋಶದಲ್ಲಿ ಇರುತ್ತದೆ. ಸ್ನ್ಯಾಪ್ ಅಥವಾ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಸ್ಥಾಪಿಸಿದ್ದರೆ ಆಯಾ ವ್ಯವಸ್ಥೆಯ ಕೋಶದಲ್ಲಿ ಹುಡುಕಬೇಕು. ತಂತ್ರಾಂಶ ತೆರೆಯುವ ಸ್ಥಿತಿಯಲ್ಲಿದ್ದರೆ 'ಹೆಲ್ಪ್' ಪಟ್ಟಿಯ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದಲ್ಲಿ ಪ್ರೊಫೈಲ್ ಕೋಶವನ್ನು ನೇರವಾಗಿ ತೆರೆಯುವ ಗುಂಡಿಯಿದೆ.

ಆದ್ದರಿಂದ ಮೊದಲ ಕೆಲಸ, ಥಂಡರ್‌ಬರ್ಡ್ ಸಂಪೂರ್ಣ ಮುಚ್ಚಿರುವಾಗ ಈ ಇಡೀ ಪ್ರೊಫೈಲ್ ಕೋಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳುವುದು. ಇಲ್ಲೊಂದು ಎಚ್ಚರಿಕೆ ಅಗತ್ಯ. ಬಹಳಷ್ಟು ಪೆನ್ ಡ್ರೈವ್‌ಗಳು ಫ್ಯಾಟ್32 ಪದ್ಧತಿಯಲ್ಲಿರುತ್ತವೆ. ಅದರಲ್ಲಿ 4 ಜಿಬಿ ಅಥವಾ ಅದಕ್ಕಿಂತ ದೊಡ್ಡದಾದ ಒಂದೇ ಕಡತವನ್ನು ಇಡಲಾಗದು. ವರ್ಷಗಟ್ಟಲೆ ಬೆಳೆದ ಇನ್‌ಬಾಕ್ಸ್ ಆ ಮಿತಿಯನ್ನು ದಾಟಿದ್ದರೆ ನಕಲು ಅರ್ಧಕ್ಕೆ ನಿಲ್ಲುತ್ತದೆ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಪದ್ಧತಿಯ ಡಿಸ್ಕ್ ಬಳಸಿ, ನಕಲಾದ ಕೋಶದ ಗಾತ್ರ ಮೂಲಕ್ಕೆ ಸಮನಾಗಿದೆಯೇ ಎಂದು ತಾಳೆ ನೋಡಬೇಕು.

ಖಾತೆ ಯಾವ ಬಗೆಯದು ಎಂಬುದೂ ಮುಖ್ಯ. ಐಮ್ಯಾಪ್ ಖಾತೆಯಾದರೆ ಪತ್ರಗಳ ಮೂಲ ಪ್ರತಿ ಸೇವೆ ನೀಡುವವರ ಸರ್ವರಿನಲ್ಲಿ ಉಳಿದಿರುತ್ತದೆ. ಪಾಪ್ ಖಾತೆಯಾಗಿದ್ದು, ಸರ್ವರಿನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನು ಗುರುತಿಸದಿದ್ದರೆ, ಜಗತ್ತಿನಲ್ಲಿ ಆ ಪತ್ರಗಳ ಏಕೈಕ ಪ್ರತಿ ಇರುವುದು ಈ ಗಣಕದಲ್ಲಿ ಮಾತ್ರ.

ಕುಸಿತದ ಬಗೆಗಳು

'ಕ್ರ್ಯಾಶ್ ಆಯಿತು' ಎಂದು ಜನ ಹೇಳುವುದು ಮೂರು ಬೇರೆ ಬೇರೆ ತೊಂದರೆಗಳಿಗೆ. ಮೊದಲನೆಯದು ನಿಜವಾದ ಕುಸಿತ: ಕಿಟಕಿ ಹಠಾತ್ತನೆ ಮಾಯವಾಗುತ್ತದೆ, ಬಳಿಕ ಸಾಮಾನ್ಯವಾಗಿ ಮೊಝಿಲ್ಲಾದ ವರದಿ ಕಿಟಕಿ ಕಾಣಿಸುತ್ತದೆ. ಎರಡನೆಯದು ಸ್ತಬ್ಧತೆ: ಕಿಟಕಿ ಇರುತ್ತದೆ, ಆದರೆ ಕ್ಲಿಕ್ಕಿಗೆ ಸ್ಪಂದಿಸುವುದಿಲ್ಲ. ಮೂರನೆಯದು ತೆರೆಯಲು ನಿರಾಕರಣೆ: 'ಥಂಡರ್‌ಬರ್ಡ್ ಈಗಾಗಲೇ ಚಾಲನೆಯಲ್ಲಿದೆ' ಎಂಬ ಸಂದೇಶ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಮೂರನೆಯದು ಅತ್ಯಂತ ಸುಲಭದ್ದು. ಹಿಂದಿನ ಬಾರಿ ಪೂರ್ಣ ಮುಚ್ಚಿಕೊಳ್ಳದ ಪ್ರಕ್ರಿಯೆ ಹಿನ್ನೆಲೆಯಲ್ಲಿ ಉಳಿದಿರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದನ್ನು ನಿಲ್ಲಿಸಿದರೆ, ಇಲ್ಲವೇ ಗಣಕವನ್ನು ಒಮ್ಮೆ ಮರುಚಾಲನೆ ಮಾಡಿದರೆ ಬಹುತೇಕ ಸರಿಹೋಗುತ್ತದೆ.

ಎರಡನೆಯದರಲ್ಲಿ ಕೆಲಕಾಲ ಕಾಯುವುದು ಲೇಸು. ದೊಡ್ಡ ಫೋಲ್ಡರಿನ ಸೂಚಿ ಮರುನಿರ್ಮಾಣವಾಗುತ್ತಿರಬಹುದು, ವೈರಸ್ ನಿರೋಧಕ ತಂತ್ರಾಂಶ ಆ ಕಡತವನ್ನು ಶೋಧಿಸುತ್ತಿರಬಹುದು. ತಾಳ್ಮೆಗೆಟ್ಟು ವಿದ್ಯುತ್ ಗುಂಡಿ ಒತ್ತಿದರೆ ಸ್ತಬ್ಧತೆ ನಿಜವಾದ ಹಾನಿಯಾಗಿ ಪರಿಣಮಿಸೀತು. ಈ ಲೇಖನದ ಉಳಿದ ಭಾಗ ಮುಖ್ಯವಾಗಿ ಮೊದಲನೆಯ ಬಗೆಯನ್ನು ಕುರಿತದ್ದು.

ಒಳಗೆ ಏನೇನಿದೆ?

ಥಂಡರ್‌ಬರ್ಡ್ ರೂಢಿಯಂತೆ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಒಂದೇ ಉದ್ದನೆಯ ಪಠ್ಯ ಕಡತದಲ್ಲಿ ಒಂದರ ಹಿಂದೊಂದರಂತೆ ಬರೆದಿಡುತ್ತದೆ. ಯುನಿಕ್ಸ್ ಕಾಲದಿಂದ ಬಂದ ಈ ಪದ್ಧತಿಗೆ 'ಎಂಬಾಕ್ಸ್' ಎಂದು ಹೆಸರು. ಪ್ರತಿ ಕಡತಕ್ಕೂ ಜೊತೆಯಾಗಿ 'ಎಂಎಸ್‌ಎಫ್' ಎಂದು ಕೊನೆಗೊಳ್ಳುವ ಚಿಕ್ಕ ಸೂಚಿ ಕಡತವಿರುತ್ತದೆ. ಯಾವ ಪತ್ರ ಎಲ್ಲಿ ಆರಂಭವಾಗುತ್ತದೆ, ಯಾರದು, ಓದಿದ್ದೋ ಇಲ್ಲವೋ ಎಂಬುದು ಅದರಲ್ಲಿದೆ. ಪುಸ್ತಕ ಮತ್ತು ಅದರ ಪರಿವಿಡಿ ಇದ್ದಂತೆ. ಪರಿವಿಡಿ ಹರಿದರೂ ಪುಸ್ತಕ ಉಳಿದಿರುತ್ತದೆ. ಪುಸ್ತಕದಿಂದ ಪರಿವಿಡಿಯನ್ನು ಮತ್ತೆ ಬರೆಯಬಹುದು.

ಇದಲ್ಲದೆ ಎಲ್ಲ ಫೋಲ್ಡರುಗಳಲ್ಲಿ ಒಟ್ಟಿಗೆ ಹುಡುಕಲು ನೆರವಾಗುವ 'ಗ್ಲೋಬಲ್ ಮೆಸೇಜಸ್' ಎಂಬ ಪ್ರತ್ಯೇಕ ದತ್ತಸಂಚಯವಿದೆ. ಇದನ್ನೂ ಮರುನಿರ್ಮಿಸಬಹುದು. ಬಳಕೆದಾರರು ಹಾಕಿಕೊಂಡ ಆ್ಯಡ್-ಆನ್‌ಗಳು, ಥೀಮ್‌ಗಳು, ಪರದೆಯನ್ನು ಚಿತ್ರಿಸಲು ಬಳಸುವ ಗ್ರಾಫಿಕ್ಸ್ ಚಾಲಕ, ಮೂರನೆಯವರ ವೈರಸ್ ನಿರೋಧಕ, ಕೊನೆಗೆ ಗಣಕದ ಸ್ಮೃತಿ ಹಾಗೂ ಡಿಸ್ಕ್ ಇವೆಲ್ಲವೂ ಶಂಕಿತರ ಪಟ್ಟಿಯಲ್ಲಿ ಬರುತ್ತವೆ. ಪತ್ತೆಕಾರ್ಯ ಎಂದರೆ ಈ ಶಂಕಿತರನ್ನು ಒಬ್ಬೊಬ್ಬರನ್ನಾಗಿ ಕೈಬಿಡುತ್ತ ಹೋಗುವುದು.

ಪತ್ತೆಯ ಹಂತಗಳು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು, ಮಾಡಿದ್ದನ್ನು ಕಾಗದದಲ್ಲಿ ಬರೆದಿಡಬೇಕು. ನಾಲ್ಕು ಮದ್ದು ಒಟ್ಟಿಗೆ ಕುಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

1. ಟ್ರಬಲ್‌ಶೂಟ್ ಮೋಡ್: ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿ, ಮ್ಯಾಕ್‌ನಲ್ಲಿ ಆಪ್ಷನ್ ಕೀಲಿ ಒತ್ತಿಹಿಡಿದು ಥಂಡರ್‌ಬರ್ಡ್ ತೆರೆಯಿರಿ. ಹಿಂದೆ ಇದನ್ನು ಸೇಫ್ ಮೋಡ್ ಎನ್ನುತ್ತಿದ್ದರು. ಈ ಸ್ಥಿತಿಯಲ್ಲಿ ಆ್ಯಡ್-ಆನ್‌ಗಳು ಮತ್ತು ಗ್ರಾಫಿಕ್ಸ್ ಯಂತ್ರಾಂಶದ ವೇಗವರ್ಧನೆ ನಿಷ್ಕ್ರಿಯವಾಗಿರುತ್ತವೆ. ಕುಸಿತ ನಿಂತರೆ ತಪ್ಪಿತಸ್ಥರು ಅವರಲ್ಲೇ ಇದ್ದಾರೆ. ಸಾಮಾನ್ಯ ಸ್ಥಿತಿಗೆ ಮರಳಿ ಎಲ್ಲ ಆ್ಯಡ್-ಆನ್‌ಗಳನ್ನು ನಿಲ್ಲಿಸಿ, ಒಂದೊಂದನ್ನೇ ಚಾಲೂ ಮಾಡುತ್ತ ನೋಡಬೇಕು. ಆ್ಯಡ್-ಆನ್‌ಗಳಿಲ್ಲದೆಯೂ ಕುಸಿತ ಮುಂದುವರಿದರೆ ವೇಗವರ್ಧನೆಯ ಆಯ್ಕೆಯನ್ನು ತೆಗೆದು, ಗ್ರಾಫಿಕ್ಸ್ ಚಾಲಕವನ್ನು ನವೀಕರಿಸಬೇಕು.

2. ಸಂಪರ್ಕ ಕಡಿದು ನೋಡಿ: ಟ್ರಬಲ್‌ಶೂಟ್ ಮೋಡ್‌ನಲ್ಲೂ ಕುಸಿದರೆ, ಅಂತರಜಾಲ ಸಂಪರ್ಕವನ್ನು ತೆಗೆದು ಮತ್ತೆ ತೆರೆಯಿರಿ. ಈಗ ನಿಂತರೆ ಕಾರಣ ಹೊಸದಾಗಿ ಇಳಿಯುತ್ತಿರುವ ಯಾವುದೋ ಪತ್ರದಲ್ಲಿ ಅಥವಾ ಸರ್ವರಿನೊಂದಿಗಿನ ಸಂವಾದದಲ್ಲಿದೆ. ಸೇವೆ ನೀಡುವವರ ಜಾಲತಾಣದಲ್ಲಿ ಬ್ರೌಸರ್ ಮೂಲಕ ಪ್ರವೇಶಿಸಿ ಇತ್ತೀಚಿನ ಪತ್ರಗಳನ್ನು ಬೇರೆ ಫೋಲ್ಡರಿಗೆ ಸರಿಸಿ ನೋಡಬಹುದು.

3. ಹೊಸ ಪ್ರೊಫೈಲ್: ಪ್ರೊಫೈಲ್ ನಿರ್ವಾಹಕದ ಮೂಲಕ ಖಾಲಿ ಪ್ರೊಫೈಲ್ ಒಂದನ್ನು ಸೃಷ್ಟಿಸಿ ತೆರೆಯಿರಿ. ಹಳೆಯದನ್ನು ಅಳಿಸುವ ಅಗತ್ಯವಿಲ್ಲ, ಅಳಿಸಲೂ ಬಾರದು. ಹೊಸದರಲ್ಲಿ ತಂತ್ರಾಂಶ ಸರಿಯಾಗಿ ನಡೆದರೆ ದೋಷ ಹಳೆಯ ಪ್ರೊಫೈಲ್‌ನ ಯಾವುದೋ ಕಡತದಲ್ಲಿದೆ. ಅಲ್ಲೂ ಕುಸಿದರೆ ಪತ್ರಗಳು ನಿರ್ದೋಷಿಗಳು. ಕಾರ್ಯಾಚರಣ ವ್ಯವಸ್ಥೆ, ವೈರಸ್ ನಿರೋಧಕ ಅಥವಾ ಯಂತ್ರಾಂಶದತ್ತ ನೋಡಬೇಕು.

4. ಫೋಲ್ಡರ್ ದುರಸ್ತಿ: ನಿರ್ದಿಷ್ಟ ಫೋಲ್ಡರ್ ತೆರೆದಾಗ ಮಾತ್ರ ಕುಸಿದರೆ ಅದರ ಸೂಚಿ ಹಾಳಾಗಿರುವ ಸಾಧ್ಯತೆ ಹೆಚ್ಚು. ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ, 'ಪ್ರಾಪರ್ಟೀಸ್'ನಲ್ಲಿರುವ 'ರಿಪೇರ್ ಫೋಲ್ಡರ್' ಆಯ್ಕೆ ಬಳಸಿ. ಅಷ್ಟರೊಳಗೇ ಕುಸಿಯುವುದಾದರೆ ತಂತ್ರಾಂಶ ಮುಚ್ಚಿ, ಆ ಫೋಲ್ಡರಿನ ಎಂಎಸ್‌ಎಫ್ ಕಡತವನ್ನು ಮಾತ್ರ ಬೇರೆಡೆಗೆ ಸರಿಸಿ. ಮುಂದಿನ ಬಾರಿ ಥಂಡರ್‌ಬರ್ಡ್ ಅದನ್ನು ಹೊಸದಾಗಿ ಬರೆದುಕೊಳ್ಳುತ್ತದೆ. ಅದೇ ಹೆಸರಿನ, ಬಾಲವಿಲ್ಲದ ದೊಡ್ಡ ಕಡತವನ್ನು ಮುಟ್ಟಬಾರದು. ಪತ್ರಗಳಿರುವುದು ಅದರಲ್ಲೇ.

5. ಒಂದೇ ಪತ್ರದ ಕಾಟ: ಒಂದು ಪತ್ರದ ಮೇಲೆ ಕ್ಲಿಕ್ಕಿಸಿದಾಗ ಮಾತ್ರ ಕುಸಿದರೆ ಎಫ್8 ಕೀಲಿಯಿಂದ ಪತ್ರದ ಫಲಕವನ್ನು ಮುಚ್ಚಿ. ಆಗ ಪತ್ರ ತೆರೆಯದೆಯೇ ಅದನ್ನು ಆಯ್ದು ಬೇರೆ ಫೋಲ್ಡರಿಗೆ ಸರಿಸಬಹುದು. ಅಳಿಸುವ ಮುನ್ನ ಅದನ್ನು ಕಡತವಾಗಿ ಉಳಿಸಿಕೊಂಡರೆ ದೋಷ ಸರಿಪಡಿಸುವವರಿಗೆ ಅದೇ ಅಮೂಲ್ಯ ಸಾಕ್ಷ್ಯವಾದೀತು.

6. ವೈರಸ್ ನಿರೋಧಕ: ಪತ್ರದಲ್ಲಿ ಸೋಂಕು ಕಂಡರೆ ಕೆಲವು ವೈರಸ್ ನಿರೋಧಕಗಳು ಇಡೀ ಇನ್‌ಬಾಕ್ಸ್ ಕಡತವನ್ನೇ ಬಂಧನದಲ್ಲಿಡುವುದುಂಟು. ಏಕೆಂದರೆ ಸಾವಿರಾರು ಪತ್ರಗಳು ಅವಕ್ಕೆ ಒಂದೇ ಕಡತವಾಗಿ ಕಾಣುತ್ತವೆ. ಪ್ರೊಫೈಲ್ ಕೋಶವನ್ನು ಅದರ ಶೋಧದಿಂದ ಹೊರಗಿಟ್ಟು ಪರೀಕ್ಷಿಸಬೇಕು. ಹಾಗೆ ಹೊರಗಿಟ್ಟ ಮೇಲೆ ಅಪರಿಚಿತ ಲಗತ್ತುಗಳನ್ನು ತೆರೆಯುವಾಗ ಹೆಚ್ಚಿನ ಎಚ್ಚರ ಬೇಕು.

ನಮ್ಮ ಉದಾಹರಣೆಯ ಹೋಂ ಸ್ಟೇ ಮಾಲೀಕರಿಗೆ ಟ್ರಬಲ್‌ಶೂಟ್ ಮೋಡ್‌ನಲ್ಲೂ, ಸಂಪರ್ಕ ಕಡಿದಾಗಲೂ ಕುಸಿತ ಮುಂದುವರಿಯುತ್ತದೆ. ಹೊಸ ಪ್ರೊಫೈಲ್ ಸರಾಗವಾಗಿ ತೆರೆಯುತ್ತದೆ. ಹಳೆಯದರಲ್ಲಿ ಇನ್‌ಬಾಕ್ಸ್ ಹೊರತು ಬೇರೆ ಫೋಲ್ಡರುಗಳಿಗೆ ತೊಂದರೆಯಿಲ್ಲ. ಅಂದಮೇಲೆ ವಿದ್ಯುತ್ ಹೋದ ಹೊತ್ತಿನಲ್ಲಿ ಅರ್ಧ ಬರೆದು ನಿಂತ ಇನ್‌ಬಾಕ್ಸ್ ಸೂಚಿಯೇ ಪ್ರಧಾನ ಶಂಕಿತ. ಅದನ್ನು ಸರಿಸಿದಾಗ ಸೂಚಿ ಮರುನಿರ್ಮಾಣವಾಗಿ ಪತ್ರಗಳು ಮರಳುತ್ತವೆ. ಅರ್ಧ ಇಳಿದಿದ್ದ ಕೊನೆಯ ಒಂದು ಪತ್ರವಷ್ಟೇ ತುಂಡಾಗಿ ಉಳಿದಿರಬಹುದು.

ಹಳೆಯ ಆವೃತ್ತಿಗೆ ಹಿಂತಿರುಗುವುದು ಪರಿಹಾರವಲ್ಲ. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿ ತೆರೆಯದಂತೆ ಥಂಡರ್‌ಬರ್ಡ್‌ನಲ್ಲೇ ತಡೆಯಿದೆ. ಆ ತಡೆಯನ್ನು ಬಲವಂತವಾಗಿ ದಾಟಿದರೆ ದತ್ತಾಂಶ ಕೆಡುವ ಅಪಾಯವಿದೆ.

ವರದಿ ಓದುವುದು ಹೇಗೆ?

ಥಂಡರ್‌ಬರ್ಡ್ ಕುಸಿದಾಗ ತೆರೆಯುವ ಕಿಟಕಿಯನ್ನು ಬಹಳ ಮಂದಿ ಓದದೆ ಮುಚ್ಚುತ್ತಾರೆ. ಪತ್ತೆಗೆ ಬೇಕಾದ ಸುಳಿವು ಇರುವುದೇ ಅಲ್ಲಿ. ಹಿಂದೆ ನೆಟ್‌ಸ್ಕೇಪ್ ಕಾಲದಿಂದ ಬಂದ 'ಟಾಕ್‌ಬ್ಯಾಕ್' ಎಂಬ ಖಾಸಗಿ ಸ್ವಾಮ್ಯದ ಉಪಕರಣ ಈ ಕೆಲಸ ಮಾಡುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ಬಂದ ಥಂಡರ್‌ಬರ್ಡ್ 3ರ ವೇಳೆಗೆ ಗೂಗಲ್ ರೂಪಿಸಿದ ಮುಕ್ತ ತಂತ್ರಾಂಶ 'ಬ್ರೇಕ್‌ಪ್ಯಾಡ್' ಅದರ ಸ್ಥಾನಕ್ಕೆ ಬಂದಿತು. ಈಗಲೂ ವರದಿಗಳ ಗುರುತು ಸಂಖ್ಯೆ 'ಬಿಪಿ' ಎಂಬ ಅಕ್ಷರಗಳಿಂದ ಆರಂಭವಾಗುವುದು ಅದರ ನೆನಪಿಗೆ.

ವರದಿ ಕಳುಹಿಸಿದ ಬಳಿಕ 'ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್' ಪುಟದ ಕ್ರ್ಯಾಶ್ ವರದಿಗಳ ಭಾಗದಲ್ಲಿ ಆ ಸಂಖ್ಯೆ ಕಾಣುತ್ತದೆ. ಅದರ ಮೇಲೆ ಕ್ಲಿಕ್ಕಿಸಿದರೆ ಮೊಝಿಲ್ಲಾದ ಪುಟ ತೆರೆಯುತ್ತದೆ. ಅದರಲ್ಲಿ ಸಾಮಾನ್ಯ ಬಳಕೆದಾರರೂ ಗಮನಿಸಬಹುದಾದ ಅಂಶಗಳು ಇವು:

ಸಿಗ್ನೇಚರ್: ಕುಸಿದ ಗಳಿಗೆಯಲ್ಲಿ ತಂತ್ರಾಂಶದ ಯಾವ ಕಾರ್ಯಭಾಗ ನಡೆಯುತ್ತಿತ್ತು ಎಂಬುದರ ಹೆಸರು. ಒಂದೇ ಸಿಗ್ನೇಚರ್ ಇರುವ ವರದಿಗಳನ್ನು ಒಂದೇ ರೋಗದ ರೋಗಿಗಳಂತೆ ಗುಂಪು ಮಾಡಲಾಗುತ್ತದೆ. ಅದು 'ಓಓಎಂ' ಎಂದು ಆರಂಭವಾದರೆ ಸ್ಮೃತಿ ಸಾಲದಾಯಿತು ಎಂದರ್ಥ. 32 ಬಿಟ್ ಆವೃತ್ತಿಗೆ, ಗಣಕದಲ್ಲಿ ಎಷ್ಟೇ ಸ್ಮೃತಿಯಿದ್ದರೂ, 4 ಜಿಬಿಗಿಂತ ಹೆಚ್ಚು ಬಳಸಲಾಗದು. 64 ಬಿಟ್ ಆವೃತ್ತಿ ಹಾಕಿಕೊಳ್ಳುವುದು ಇದಕ್ಕೆ ಪರಿಹಾರ.

ಕುಸಿತದ ವಿಳಾಸ: ಇದು ಸೊನ್ನೆ ಅಥವಾ ಸೊನ್ನೆಗೆ ಹತ್ತಿರವಾಗಿದ್ದರೆ ತಂತ್ರಾಂಶ ಇಲ್ಲದ ವಸ್ತುವನ್ನು ಹುಡುಕಿತು ಎಂದರ್ಥ. 'ಇ5' ಎಂಬುದು ಸಾಲಾಗಿ ಪುನರಾವರ್ತನೆಯಾಗಿದ್ದರೆ ಬಿಟ್ಟುಕೊಟ್ಟ ಸ್ಮೃತಿಯನ್ನು ಮತ್ತೆ ಬಳಸಲು ಯತ್ನಿಸಿತು ಎಂಬ ಸೂಚನೆ. ತೆರವು ಮಾಡಿದ ಜಾಗದಲ್ಲಿ ಮೊಝಿಲ್ಲಾ ಬೇಕೆಂದೇ ಆ ಗುರುತು ಬರೆದಿಡುತ್ತದೆ. ಎರಡೂ ಬಹುಮಟ್ಟಿಗೆ ತಂತ್ರಾಂಶದ ದೋಷಗಳೇ. ಬಳಕೆದಾರರ ತಪ್ಪಲ್ಲ.

ಮಾಡ್ಯೂಲ್‌ಗಳು: ಆ ಹೊತ್ತಿಗೆ ಥಂಡರ್‌ಬರ್ಡ್ ಒಳಗೆ ಸೇರಿಕೊಂಡಿದ್ದ ಕಡತಗಳ ಪಟ್ಟಿ. ಅದರಲ್ಲಿ ವೈರಸ್ ನಿರೋಧಕದ ಅಥವಾ ಗ್ರಾಫಿಕ್ಸ್ ಚಾಲಕದ ಕಡತವಿದ್ದು, ಕುಸಿತದ ಮೇಲಿನ ಸಾಲುಗಳಲ್ಲೂ ಅದೇ ಕಾಣಿಸಿಕೊಂಡರೆ ಶಂಕೆ ಅತ್ತ ತಿರುಗಬೇಕು.

ಐದಾರು ಬಾರಿ ಕುಸಿದು, ಪ್ರತಿ ಬಾರಿಯೂ ಸಿಗ್ನೇಚರ್ ಬೇರೆಯೇ ಆಗಿದ್ದರೆ ಗಣಕದ ಸ್ಮೃತಿ ಫಲಕವನ್ನು ಪರೀಕ್ಷಿಸುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಅದಕ್ಕೆ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಉಪಕರಣ ಮೊದಲೇ ಇದೆ.

ವರದಿಯೊಂದಿಗೆ ಹೋಗುವ ಸ್ಮೃತಿಯ ತುಣುಕಿನಲ್ಲಿ ಖಾಸಗಿ ಮಾಹಿತಿಯೂ ಇರಬಹುದಾದ್ದರಿಂದ ಆ ಮೂಲ ಕಡತವನ್ನು ಮೊಝಿಲ್ಲಾ ಅಧಿಕೃತ ಸಿಬ್ಬಂದಿಗಷ್ಟೇ ತೆರೆದಿಡುತ್ತದೆ. ಟಿಪ್ಪಣಿಯ ಜಾಗದಲ್ಲಿ ಗುಪ್ತಪದ, ದೂರವಾಣಿ ಸಂಖ್ಯೆ ಬರೆಯಬಾರದು.

ಲಿಪಿಯೂ ಕಾರಣವಾದೀತೆ?

ಈ ನಾಲ್ಕು ತಾಲ್ಲೂಕುಗಳ ಅಂಚೆಪೆಟ್ಟಿಗೆ ಬಹುಭಾಷೆಯದು. ಕನ್ನಡ, ಕೊಂಕಣಿ, ಮರಾಠಿ, ಉರ್ದು ಇಲ್ಲಿ ಮಾಮೂಲು. 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ನಿರಾಶ್ರಿತರ ಶಿಬಿರ ಹಾಗೂ ಅಲ್ಲಿನ ಗಾಂದೆನ್, ದ್ರೆಪುಂಗ್ ವಿಹಾರಗಳಿಂದಾಗಿ ಟಿಬೆಟನ್ ಲಿಪಿಯೂ ಸೇರಿಕೊಂಡಿದೆ. ಕನ್ನಡದ ಒತ್ತಕ್ಷರಗಳಂತೆ, ಟಿಬೆಟನ್ನಿನ ಒಂದರ ಕೆಳಗೊಂದು ಜೋಡಿಸುವ ಅಕ್ಷರಗಳಂತೆ, ಸಂಕೀರ್ಣ ಲಿಪಿಗಳನ್ನು ಪರದೆಯ ಮೇಲೆ ಮೂಡಿಸಲು ಲೆಕ್ಕಾಚಾರ ಹೆಚ್ಚು ಬೇಕು. ಆ ಲೆಕ್ಕ ತಪ್ಪಿದರೆ ಇಡೀ ತಂತ್ರಾಂಶ ಕುಸಿಯಬಹುದು.

ಇದು ಬರೀ ಊಹೆಯಲ್ಲ. 2018ರ ಫೆಬ್ರುವರಿಯಲ್ಲಿ ತೆಲುಗಿನ ಒಂದು ಸಂಯುಕ್ತಾಕ್ಷರವಿದ್ದ ಸಂದೇಶ ಬಂದರೆ ಸಾಕು, ಐಫೋನಿನ ಸಂದೇಶ ತಂತ್ರಾಂಶಗಳು ಕುಸಿಯುತ್ತಿದ್ದವು. ಆ್ಯಪಲ್ ಅದೇ ತಿಂಗಳು ಐಓಎಸ್ 11.2.6 ಮೂಲಕ ಅದನ್ನು ಸರಿಪಡಿಸಿತು. ಆದ್ದರಿಂದ ನಿರ್ದಿಷ್ಟ ಭಾಷೆಯ ಪತ್ರ ತೆರೆದಾಗಲೇ ಕುಸಿತ ಕಂಡರೆ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕದೆ, ಯಾವ ಲಿಪಿ, ಯಾವ ಫಾಂಟ್ ಎಂಬುದನ್ನು ವರದಿಯಲ್ಲಿ ಬರೆಯಬೇಕು. ಬೇರೆ ಫಾಂಟ್ ಆಯ್ದು ಪರೀಕ್ಷಿಸುವುದೂ ಸುಲಭ.

ಬೆಂಗಳೂರಿನ ನಂಟು

ಇಂಥ ಪತ್ತೆಕಾರ್ಯದ ಇತಿಹಾಸದಲ್ಲಿ ಕರ್ನಾಟಕಕ್ಕೂ ಪಾಲಿದೆ. ಲಿನಕ್ಸ್ ಬಳಕೆದಾರರಿಗೆ ಪರಿಚಿತವಾದ ಮತ್ತೊಂದು ಮುಕ್ತ ಇ-ಮೇಲ್ ತಂತ್ರಾಂಶ 'ಎವಲ್ಯೂಶನ್'. ಝಿಮಿಯನ್ ಸಂಸ್ಥೆ ಇದರ 1.0 ಆವೃತ್ತಿಯನ್ನು 2001ರ ಡಿಸೆಂಬರ್‌ನಲ್ಲಿ ಹೊರತಂದಿತು. 2003ರ ಆಗಸ್ಟ್‌ನಲ್ಲಿ ನೋವೆಲ್ ಕಂಪನಿ ಝಿಮಿಯನ್ನನ್ನು ಕೊಂಡುಕೊಂಡಿತು. ಮುಂದೆ ಹಲವು ವರ್ಷ ಎವಲ್ಯೂಶನ್‌ನ ನಿರ್ವಹಣೆಯ ಬಹುಭಾಗ ನಡೆದದ್ದು ನೋವೆಲ್‌ನ ಬೆಂಗಳೂರು ಕೇಂದ್ರದಲ್ಲಿ. ಜಗತ್ತಿನ ನಾನಾ ಕಡೆಯ ಕುಸಿತದ ವರದಿಗಳನ್ನು ಆ ದಿನಗಳಲ್ಲಿ ಓದುತ್ತಿದ್ದವರಲ್ಲಿ ಇಲ್ಲಿನ ಎಂಜಿನಿಯರ್‌ಗಳು ಮುಂಚೂಣಿಯಲ್ಲಿದ್ದರು.

ಆಗ ಗ್ನೋಮ್ 2ರಲ್ಲಿ 'ಬಗ್ ಬಡ್ಡಿ' ಎಂಬ ಉಪಕರಣ ಕುಸಿತದ ವಿವರ ಸಂಗ್ರಹಿಸಿ ಕಳುಹಿಸುತ್ತಿತ್ತು. ಆದರೆ ಡೀಬಗ್ ಪೊಟ್ಟಣಗಳನ್ನು ಸ್ಥಾಪಿಸದ ಗಣಕಗಳಿಂದ ಬರುವ ವಿವರದಲ್ಲಿ ಕಾರ್ಯಭಾಗಗಳ ಹೆಸರಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆಗಳಿರುತ್ತಿದ್ದವು. ಅದರಿಂದ ಕಾರಣ ಹುಡುಕುವುದು ವಿಳಾಸವಿಲ್ಲದ ಲಕೋಟೆಯನ್ನು ಹಂಚಿದಂತೆ. ಇಂದಿಗೂ ಎವಲ್ಯೂಶನ್ ಬಳಸುವವರಿಗೆ ಸಲಹೆ ಇದೇ: ಮೊದಲು ಡೀಬಗ್ ಪೊಟ್ಟಣ ಹಾಕಿಕೊಳ್ಳಿ, ಟರ್ಮಿನಲ್‌ನಿಂದ ತಂತ್ರಾಂಶ ಚಾಲೂ ಮಾಡಿ, ಕುಸಿದಾಗ ಜಿಡಿಬಿ ಉಪಕರಣದ ಮೂಲಕ ಎಲ್ಲ ಎಳೆಗಳ ಜಾಡನ್ನು ಪಡೆದು ಕಳುಹಿಸಿ. ಥಂಡರ್‌ಬರ್ಡ್‌ನ ಅಧಿಕೃತ ಆವೃತ್ತಿಗಳಲ್ಲಿ ಈ ಹೆಸರುಗಳನ್ನು ಮೊಝಿಲ್ಲಾದ ಸರ್ವರೇ ಜೋಡಿಸಿಕೊಳ್ಳುವುದರಿಂದ ಬಳಕೆದಾರರಿಗೆ ಆ ಶ್ರಮವಿಲ್ಲ.

ಒಳ್ಳೆಯ ದೂರು ಹೇಗಿರಬೇಕು?

'ನನ್ನ ಮೇಲ್ ಕೆಲಸ ಮಾಡುತ್ತಿಲ್ಲ, ಬೇಗ ಸರಿಮಾಡಿ' ಎಂಬ ದೂರಿನಿಂದ ಯಾರಿಗೂ ಉಪಯೋಗವಿಲ್ಲ. ಮೊಝಿಲ್ಲಾದ ಬಗ್‌ಝಿಲ್ಲಾದಲ್ಲಿ ದೂರು ದಾಖಲಿಸುವ ಮುನ್ನ ಅದೇ ಸಿಗ್ನೇಚರ್ ಇರುವ ಹಳೆಯ ದೂರು ಇದೆಯೇ ಎಂದು ಹುಡುಕಬೇಕು. ಇದ್ದರೆ ಹೊಸದನ್ನು ತೆರೆಯದೆ ಅಲ್ಲಿಯೇ ಹೊಸ ಮಾಹಿತಿ ಸೇರಿಸಬೇಕು. ಇಲ್ಲವಾದರೆ ದೂರಿನಲ್ಲಿ ಇವಿಷ್ಟು ಇರಲಿ: ಥಂಡರ್‌ಬರ್ಡ್ ಆವೃತ್ತಿ, ಕಾರ್ಯಾಚರಣ ವ್ಯವಸ್ಥೆ, ಖಾತೆಯ ಬಗೆ, ಯಾವ ಕ್ರಮದಲ್ಲಿ ಏನು ಮಾಡಿದಾಗ ಕುಸಿಯುತ್ತದೆ, ಪ್ರತಿ ಸಲವೋ ಕೆಲವೊಮ್ಮೆಯೋ, ಟ್ರಬಲ್‌ಶೂಟ್ ಮೋಡ್‌ನಲ್ಲಿ ಏನಾಯಿತು, ಮತ್ತು ಬಿಪಿ ಸಂಖ್ಯೆಗಳು.

ಇಂಗ್ಲಿಷ್ ಬಾರದೆಂಬ ಅಳುಕು ಬೇಡ. ನಾಲ್ಕು ಸರಳ ವಾಕ್ಯ ಸಾಕು. ಬಿಪಿ ಸಂಖ್ಯೆಗೆ ಭಾಷೆಯ ಹಂಗಿಲ್ಲ. ಹಳಿಯಾಳದ ಕೆಎಲ್‌ಎಸ್ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಸಂಸ್ಥೆಯಂಥ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಂಥ ದೂರೊಂದನ್ನು ಸರಿಯಾಗಿ ಬರೆಯುವುದು ಮುಕ್ತ ತಂತ್ರಾಂಶ ಲೋಕದೊಳಗೆ ಮೊದಲ ಹೆಜ್ಜೆಯೂ ಆಗಬಹುದು.

ಮುನ್ನೆಚ್ಚರಿಕೆ

- ವಾರಕ್ಕೊಮ್ಮೆಯಾದರೂ ಪ್ರೊಫೈಲ್ ಕೋಶವನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿ.
- ಇನ್‌ಬಾಕ್ಸ್‌ನಲ್ಲೇ ಎಲ್ಲವನ್ನೂ ಪೇರಿಸದೆ ವರ್ಷವಾರು ಫೋಲ್ಡರುಗಳಿಗೆ ಹಂಚಿ. ಒಂದು ಕಡತ ಕೆಟ್ಟರೂ ಉಳಿದ ವರ್ಷಗಳು ಉಳಿಯುತ್ತವೆ.
- ಅಳಿಸಿದ ಪತ್ರ 'ಕಾಂಪ್ಯಾಕ್ಟ್' ಮಾಡುವವರೆಗೂ ಕಡತದೊಳಗೇ ಇರುತ್ತದೆ. ಆಗಾಗ ಕಾಂಪ್ಯಾಕ್ಟ್ ಮಾಡಿ. ಅದು ನಡೆಯುವಾಗ ಡಿಸ್ಕಿನಲ್ಲಿ ಸಾಕಷ್ಟು ಖಾಲಿ ಜಾಗವಿರಲಿ, ನಡುವೆ ಗಣಕ ಆರಿಸಬೇಡಿ.
- ಮೇಜಿನ ಗಣಕಕ್ಕೆ ಯುಪಿಎಸ್ ಅಳವಡಿಸಿ. ಗುಡುಗು ಮಳೆಯ ಹೊತ್ತಿನಲ್ಲಿ ಕಾಂಪ್ಯಾಕ್ಟ್, ನವೀಕರಣ ಎರಡನ್ನೂ ಮುಂದೂಡಿ.
- ಪಾಪ್ ಖಾತೆ ಇದ್ದರೆ ಸರ್ವರಿನಲ್ಲಿ ಪ್ರತಿ ಉಳಿಸುವ ಆಯ್ಕೆಯನ್ನು ಗುರುತಿಸಿ, ಇಲ್ಲವೇ ಐಮ್ಯಾಪ್‌ಗೆ ಬದಲಾಗಿ.
- ಹಳೆಯ ಗಣಕಗಳ ಬಗ್ಗೆ ಗಮನವಿರಲಿ. ವಿಂಡೋಸ್ 7 ಹಾಗೂ 8.1ರಲ್ಲಿ ನಡೆಯುವ ಕೊನೆಯ ಸರಣಿ ಥಂಡರ್‌ಬರ್ಡ್ 115. 2024ರಲ್ಲಿ ಬಂದ 128ಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಹಳೆಯ ಆವೃತ್ತಿಯಲ್ಲಿ ಕುಸಿತ ಕಂಡರೆ, ಅದು ಹೊಸದರಲ್ಲಿ ಈಗಾಗಲೇ ಸರಿಹೋಗಿರಬಹುದು.

ಕುಸಿತದ ಹೊತ್ತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಅವಸರ. ಕೆಟ್ಟ ತಂತ್ರಾಂಶವನ್ನು ಹತ್ತು ನಿಮಿಷದಲ್ಲಿ ಮತ್ತೆ ಇಳಿಸಿಕೊಳ್ಳಬಹುದು. ಎಂಟು ವರ್ಷದ ಪತ್ರವ್ಯವಹಾರವನ್ನು ಎಲ್ಲಿಂದಲೂ ಇಳಿಸಿಕೊಳ್ಳಲಾಗದು. ನಕಲು ಕೈಯಲ್ಲಿದ್ದರೆ ಕಾರಣ ಹುಡುಕಲು ಒಂದು ವಾರ ಹಿಡಿದರೂ ನಷ್ಟವಿಲ್ಲ.